ಆರ್‌ಜಿಯು ಫಿಲ್ಮ್‌ನಲ್ಲಿ ಸ್ಟ್ರಿಕ್ಚರ್ ಉದ್ದ ತಪ್ಪುವುದು ಎಲ್ಲಿ?

ಪ್ರಶ್ನೆ: ರೇಡಿಯೋಗ್ರಾಫರ್, ತಾಲ್ಲೂಕು ಮಟ್ಟದ ಆಸ್ಪತ್ರೆ

ಎಲ್ಲರಿಗೂ ನಮಸ್ಕಾರ. ಗಂಡಸರ ಮೂತ್ರದ ದಾರಿಗೆ ಡೈ ಬಿಟ್ಟು ತೆಗೆಯುವ ಆರ್‌ಜಿಯು (ತುದಿಯಿಂದ ಒಳಕ್ಕೆ ಡೈ ತಳ್ಳಿ ತೆಗೆಯುವುದು), ಎಂಸಿಯು (ಮೂತ್ರಕೋಶಕ್ಕೆ ಡೈ ತುಂಬಿಸಿ, ರೋಗಿ ಮೂತ್ರ ಮಾಡುವಾಗ ತೆಗೆಯುವುದು) ಫಿಲ್ಮ್‌ಗಳ ಬಗ್ಗೆ ಕೇಳಬೇಕಿತ್ತು. ಫ್ಲೋರೋಸ್ಕೋಪಿ (ಚಲಿಸುವ ಎಕ್ಸ್‌ರೇ ಚಿತ್ರ) ಇಲ್ಲ, ಮಾಮೂಲಿ ಎಕ್ಸ್‌ರೇ ಟೇಬಲ್, ಡಿಆರ್ (ಡಿಜಿಟಲ್) ಪ್ಲೇಟ್ ಅಷ್ಟೇ. ಬರುವವರು ಹೆಚ್ಚಾಗಿ ಎರಡು ಬಗೆ. ಸ್ಟ್ರಿಕ್ಚರ್‌ನಿಂದ (ಗಾಯದ ಗಂಟಿನಿಂದ ದಾರಿ ಕಿರಿದಾಗುವುದು) ಧಾರೆ ಸಣ್ಣಗಾಗಿ ತಿಣುಕಿ ತಿಣುಕಿ ಮೂತ್ರ ಮಾಡುವವರು ಒಂದು. ಬೈಕ್ ಅಪಘಾತದಲ್ಲೋ, ಅಡಿಕೆ ಮರದಿಂದ ಬಿದ್ದೋ ಪೆಲ್ವಿಸ್ (ಸೊಂಟದ ಮೂಳೆ) ಮುರಿದು, ಕಿಬ್ಬೊಟ್ಟೆಯಲ್ಲಿ ಮೂತ್ರಕೋಶದಿಂದ ನೇರವಾಗಿ ಮೂತ್ರ ಇಳಿಸುವ ಎಸ್‌ಪಿಸಿ ಟ್ಯೂಬ್ ಇಟ್ಟುಕೊಂಡು ಬರುವವರು ಇನ್ನೊಂದು.

ತೊಡಕು ಇವು:

ಡೈ ತಳ್ಳುವಾಗ ಫೋಲಿ ಕ್ಯಾಥೆಟರ್‌ನ ಬಲೂನ್ ಜಾರಿ ಆಚೆ ಬರುತ್ತದೆ, ಡೈ ಎಲ್ಲ ಟೇಬಲ್ ಮೇಲೆ. ಎಷ್ಟೋ ಫಿಲ್ಮ್‌ಗಳಲ್ಲಿ ಡೈ ಮೆಂಬ್ರನಸ್ ಭಾಗಕ್ಕೆ (ಪ್ರಾಸ್ಟೇಟ್ ಕೆಳಗಿನ ಗಿಡ್ಡ ಭಾಗ) ಬಂದು ನಿಲ್ಲುತ್ತದೆ. ‘ಪೂರ್ತಿ ಬ್ಲಾಕ್’ ಎಂದು ರಿಪೋರ್ಟ್ ಆಗುತ್ತದೆ, ಆದರೆ ರೋಗಿ ಮೂತ್ರ ಮಾಡುತ್ತಲೇ ಇರುತ್ತಾರೆ. ಫಿಲ್ಮ್‌ನಲ್ಲಿ 1.5 ಸೆಂ.ಮೀ. ಇದ್ದ ಸ್ಟ್ರಿಕ್ಚರ್ ಆಪರೇಷನ್ ಟೇಬಲ್ ಮೇಲೆ 3 ಸೆಂ.ಮೀ. ಆಗಿತ್ತು ಎಂದು ಸರ್ಜನ್ ಕಡೆಯಿಂದ ಮಾತು ಬರುತ್ತದೆ. ಎಸ್‌ಪಿಸಿ ಇರುವವರಲ್ಲಿ ತುಂಡಾದ ದಾರಿಯ ಎರಡು ತುದಿಗಳ ನಡುವಿನ ಗ್ಯಾಪ್ ಅಳೆಯುವುದು ಹೇಗೆ ಎಂಬುದೂ ಸ್ಪಷ್ಟವಿಲ್ಲ.

ಎಲ್ಲಿ ತಪ್ಪುತ್ತಿದೆ, ಯಾವ ಹಂತದಲ್ಲಿ ಏನು ಮಾಡಬೇಕು, ಬಿಡಿಸಿ ಹೇಳಿ.

ಉತ್ತರ 1: ಹಿರಿಯ ರೇಡಿಯೋಗ್ರಾಫರ್

ಬಲೂನ್ ಜಾರಲು ಮುಖ್ಯ ಕಾರಣ ಲಿಗ್ನೊಕೇನ್ ಜೆಲ್ಲಿ. ಮಾಮೂಲಿ ಕ್ಯಾಥೆಟರ್ ಹಾಕುವಾಗಿನ ಅಭ್ಯಾಸದಲ್ಲಿ ಧಾರಾಳವಾಗಿ ಬಿಡುತ್ತಾರೆ. ಆರ್‌ಜಿಯುಗೆ ಅದು ಬೇಡ. ತುದಿಯನ್ನು ಸಲೈನ್‌ನಲ್ಲಿ ಒದ್ದೆ ಮಾಡಿದರೆ ಸಾಕು. ಒಳಗೆ ಉಳಿದ ಜೆಲ್ಲಿ ಮುದ್ದೆ ಫಿಲ್ಮ್‌ನಲ್ಲಿ ಕಲ್ಲಿನ ಹಾಗೆ ಕಂಡು ಇನ್ನೊಂದು ಗೊಂದಲ ತರುತ್ತದೆ.

12 ಅಥವಾ 14 ಫ್ರೆಂಚ್ (ದಪ್ಪದ ಅಳತೆ) ಫೋಲಿ ತೆಗೆದುಕೊಳ್ಳಿ. ಒಳಗೆ ಹಾಕುವ ಮೊದಲೇ ಡೈ ತುಂಬಿಸಿ, ತುದಿಯಿಂದ ಹನಿ ಬೀಳುವವರೆಗೆ ಗಾಳಿ ಪೂರ್ತಿ ತೆಗೆಯಿರಿ. ಗಾಳಿಗುಳ್ಳೆ ದುಂಡಗೆ, ಅಂಚು ನುಣುಪಾಗಿ, ಥೇಟ್ ಕಲ್ಲಿನಂತೆ ಕಾಣುತ್ತದೆ. ಮುಂದೊಗಲು ಹಿಂದೆ ಸರಿಸಿ ಪೊವಿಡೋನ್ ಅಯೋಡಿನ್‌ನಲ್ಲಿ ಒರೆಸಿ. ಬಲೂನ್ ಮೂತ್ರರಂಧ್ರದ ಒಳಗೆ ಮರೆಯಾಗುವಷ್ಟು ಮಾತ್ರ ಕ್ಯಾಥೆಟರ್ ಹೋಗಬೇಕು; ಅಲ್ಲಿ ದಾರಿ ಸ್ವಲ್ಪ ಅಗಲವಿದೆ, ಬಲೂನ್ ಅಲ್ಲೇ ಕೂರುತ್ತದೆ. ಬಲೂನ್‌ಗೆ 1ರಿಂದ 1.5 ಮಿ.ಲೀ. ಸಾಕು, 2 ಮೀರಬಾರದು. ರೋಗಿ ನೋವು ಎಂದರೆ ಅಲ್ಲಿಗೇ ನಿಲ್ಲಿಸಿ. ಬಲೂನ್ ಜಾರುತ್ತದೆಂದು ಇನ್ನಷ್ಟು ಉಬ್ಬಿಸಿದರೆ ಒಳಪದರ ಹರಿದು, ನಾಳೆ ಅಲ್ಲೇ ಹೊಸ ಸ್ಟ್ರಿಕ್ಚರ್ ಆಗುತ್ತದೆ.

ಡೈ: 300 ಬಲದ ಅಯೋಹೆಕ್ಸಾಲ್ 20 ಮಿ.ಲೀ., ಅದಕ್ಕೆ ಸಲೈನ್ 20 ಮಿ.ಲೀ. ಬೆರೆಸಿ. ಹಾಗೇ ಬಿಟ್ಟರೆ ಬಿಳುಪು ಹೆಚ್ಚಾಗಿ ಒಳಗಿನ ಸಣ್ಣ ದೋಷಗಳು ಮುಚ್ಚಿಹೋಗುತ್ತವೆ. ಬಾಟಲಿಯನ್ನು ಬೆಚ್ಚಗಿನ ನೀರಿನಲ್ಲಿಟ್ಟು ಮೈ ಬಿಸಿಗೆ ತನ್ನಿ. ಎಸಿ ಕೋಣೆಯ ತಣ್ಣನೆ ಡೈ ತಾಗಿದರೆ ಸ್ಫಿಂಕ್ಟರ್ (ಮೂತ್ರ ತಡೆಯುವ ಸ್ನಾಯು) ಬಿಗಿಯುತ್ತದೆ.

ಡೈ ಬಿಡುವ ಮೊದಲು ಒಂದು ಖಾಲಿ ಫಿಲ್ಮ್ ತಪ್ಪದೇ ತೆಗೆಯಿರಿ. ದಾರಿಯಲ್ಲಿ ಸಿಕ್ಕಿರುವ ಕಲ್ಲು ಅದರಲ್ಲೇ ಕಾಣುವುದು. ಡೈ ಬಂದ ಮೇಲೆ ಮುಳುಗಿಹೋಗುತ್ತದೆ. ಓರೆ ಎಷ್ಟಾಗಿದೆ ಎಂಬುದೂ ಅದರಲ್ಲೇ ಗೊತ್ತಾಗುತ್ತದೆ.

ಇನ್ನು ಮಲಗಿಸುವ ರೀತಿ. ಉದ್ದ ತಪ್ಪುವ ಬಗ್ಗೆ ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಇಲ್ಲೇ ಇದೆ. ರೋಗಿಯನ್ನು ಬಲ ಮಗ್ಗುಲಿಗೆ 45 ಡಿಗ್ರಿ ಓರೆಯಾಗಿಸಿ, ಬೆನ್ನಿಗೆ ಫೋಮ್ ದಿಂಬು ಕೊಡಿ. ಟೇಬಲ್‌ಗೆ ತಾಗಿದ ಬಲಗಾಲು ಮಂಡಿ ಮಡಿಸಿ ಮುಂದಕ್ಕೆ, ಮೇಲಿನ ಎಡಗಾಲು ನೇರ. ಶಿಶ್ನವನ್ನು ಮಡಿಸಿದ ತೊಡೆಯ ಉದ್ದಕ್ಕೆ ಹದವಾಗಿ ಎಳೆದು ಹಿಡಿಯಬೇಕು; ಸಡಿಲ ಬಿಟ್ಟರೆ ವೃಷಣ ಚೀಲದ ಬುಡದಲ್ಲಿ ದಾರಿ ಮಡಚಿಕೊಂಡು ಅದೇ ಸ್ಟ್ರಿಕ್ಚರ್ ತರಹ ಕಾಣುತ್ತದೆ. ಓರೆ ಸರಿಯಿದ್ದರೆ ಖಾಲಿ ಫಿಲ್ಮ್‌ನಲ್ಲಿ ಮೇಲಿನ ಬದಿಯ ಆಬ್ಟುರೇಟರ್ ಫೊರಾಮೆನ್ (ಪೆಲ್ವಿಸ್ ಮೂಳೆಯ ಕೆಳಭಾಗದ ದೊಡ್ಡ ತೂತು) ತೆರೆದಿರುತ್ತದೆ, ಕೆಳಗಿನ ಬದಿಯದು ಮುಚ್ಚಿಹೋಗಿರುತ್ತದೆ. ಎರಡೂ ತೂತು ಒಂದೇ ಅಳತೆಯಲ್ಲಿ ತೆರೆದು ಕಂಡರೆ ರೋಗಿ ಅಂಗಾತ ಮಲಗಿದ್ದಾರೆ ಎಂದೇ ಅರ್ಥ. ಸರಿಪಡಿಸಿ, ಆಮೇಲೆ ಡೈ.

ಫ್ಲೋರೋ ಇಲ್ಲದ ಕಡೆ ಎಕ್ಸ್‌ಪೋಷರ್ ಬೀಳಬೇಕಾದದ್ದು ಡೈ ಹರಿಯುತ್ತಿರುವಾಗ, ತಳ್ಳಿ ಮುಗಿಸಿದ ಮೇಲಲ್ಲ. ಸಿರಿಂಜ್‌ಗೂ ಕ್ಯಾಥೆಟರ್‌ಗೂ ನಡುವೆ ಉದ್ದದ ಎಕ್ಸ್‌ಟೆನ್ಷನ್ ಟ್ಯೂಬ್ ಹಾಕಿ. ತಳ್ಳುವವರು ಲೆಡ್ ಏಪ್ರನ್ ಹಾಕಿಕೊಂಡು ಟ್ಯೂಬ್ ಉದ್ದದಷ್ಟು ದೂರ ನಿಲ್ಲಲಿ. ಮೊದಲ 10 ಮಿ.ಲೀ. ನಿಧಾನ, ಮುಂದಿನ 10 ಹೋಗುತ್ತಿರುವಂತೆಯೇ ಅವರು ‘ತೆಗೀರಿ’ ಎನ್ನಬೇಕು, ಆಗ ಒಂದು ಫಿಲ್ಮ್. ಕೈ ನಿಲ್ಲಿಸಿದ ಎರಡು ಸೆಕೆಂಡಿಗೇ ಒತ್ತಡ ಇಳಿದು ದಾರಿ ಕುಗ್ಗುತ್ತದೆ, ಚೆನ್ನಾಗಿರುವ ಭಾಗವೂ ಸಪೂರವಾಗಿ ಕಾಣುತ್ತದೆ.

ಮುಗಿದ ಮೇಲೆ ಬಲೂನ್ ಪೂರ್ತಿ ಇಳಿಸಿ ಕ್ಯಾಥೆಟರ್ ತೆಗೆಯಿರಿ, ಮುಂದೊಗಲನ್ನು ಮತ್ತೆ ಮುಂದಕ್ಕೆ ತನ್ನಿ. ಇದನ್ನು ಮರೆತರೆ ರೋಗಿ ರಾತ್ರಿ ಊತ ಬಂದು ವಾಪಸ್ ಓಡಿಬರಬೇಕಾಗುತ್ತದೆ.

ಉತ್ತರ 2: ರೇಡಿಯಾಲಜಿಸ್ಟ್

ಮೇಲಿನವರು ತಂತ್ರ ಹೇಳಿದ್ದಾರೆ, ನಾನು ಓದುವ ವಿಷಯ ಹೇಳುತ್ತೇನೆ.

ಡೈ ಮೆಂಬ್ರನಸ್ ಭಾಗದಲ್ಲಿ ನಿಂತಿತು ಎಂದ ಮಾತ್ರಕ್ಕೆ ಬ್ಲಾಕ್ ಅಲ್ಲ. ಅಲ್ಲಿ ಹೊರಗಿನ ಸ್ಫಿಂಕ್ಟರ್ ಇದೆ. ಹೆದರಿಕೆಗೆ, ನೋವಿಗೆ, ಜೋರಾಗಿ ತಳ್ಳಿದ್ದಕ್ಕೆ ಅದು ಬಿಗಿಯುತ್ತದೆ. ಸೆಳೆತದಿಂದ ನಿಂತ ಡೈನ ತುದಿ ನುಣುಪಾದ, ಎರಡು ಬದಿಯೂ ಸಮನಾದ ಆಲಿಕೆಯ ಆಕಾರದಲ್ಲಿರುತ್ತದೆ. ಜಾಗವೂ ಸುಳಿವು ಕೊಡುತ್ತದೆ: ಆಬ್ಟುರೇಟರ್ ಫೊರಾಮೆನ್‌ಗಳ ಕೆಳ ಅಂಚನ್ನು ಸೇರಿಸಿ ಗೆರೆ ಎಳೆದರೆ, ಅದು ದಾರಿಯನ್ನು ಕತ್ತರಿಸುವಲ್ಲಿ ಸುಮಾರಾಗಿ ಮೆಂಬ್ರನಸ್ ಭಾಗ ಬರುತ್ತದೆ. ನಿಂತಿರುವುದು ಆ ಗೆರೆಗಿಂತ ಕೆಳಗೆ, ಅಂಚು ಒರಟು, ಒಂದು ಬದಿ ಹೆಚ್ಚು ಒಂದು ಬದಿ ಕಡಿಮೆ ಎಂದಿದ್ದರೆ ಬಲ್ಬಾರ್ (ಮೆಂಬ್ರನಸ್‌ಗಿಂತ ಕೆಳಗಿನ ಅಗಲ ಭಾಗ) ಸ್ಟ್ರಿಕ್ಚರ್ ಎಂದು ಯೋಚಿಸಿ.

ನಿಂತಾಗ ಸಿರಿಂಜ್ ಮೇಲೆ ಬಲ ಹಾಕಬೇಡಿ. ಅರ್ಧ ನಿಮಿಷ ಬಿಡಿ, ಬಾಯಿಂದ ಉದ್ದ ಉಸಿರು ತೆಗೆಯಲು ಹೇಳಿ, ‘ಮೂತ್ರ ಮಾಡಲು ಹೋದ ಹಾಗೆ ಸಡಿಲ ಬಿಡಿ’ ಎಂದು ಕನ್ನಡದಲ್ಲಿ ಬಿಡಿಸಿ ಹೇಳಿ, ಆಮೇಲೆ ಸಣ್ಣ ಒಂದೇ ಸಮನೆಯ ಒತ್ತಡದಲ್ಲಿ ಮತ್ತೆ ಬಿಡಿ. ಹೆಚ್ಚಿನವರಲ್ಲಿ ದಾರವಿಟ್ಟಂತೆ ಸಣ್ಣ ಧಾರೆ ಮೂತ್ರಕೋಶಕ್ಕೆ ಇಳಿಯುತ್ತದೆ. ಆರ್‌ಜಿಯುನಲ್ಲಿ ಹಿಂಭಾಗದ ದಾರಿ ಸಣ್ಣ ಗೆರೆಯಂತೆ ಕಾಣುವುದೇ ಸಹಜ. ಅದು ಅಗಲವಾಗುವುದು ರೋಗಿ ತಾವೇ ಮೂತ್ರ ಮಾಡುವಾಗ, ಅಂದರೆ ಎಂಸಿಯುನಲ್ಲಿ.

ಸ್ಟ್ರಿಕ್ಚರ್‌ನ ಉದ್ದಕ್ಕೂ ಇದೇ ತತ್ವ. ಆರ್‌ಜಿಯು ತೋರಿಸುವುದು ಕೆಳಗಿನ ತುದಿಯನ್ನು. ಕಿರಿದಾದ ಜಾಗ ದಾಟಿ ಹೋಗುವ ಡೈ ತೀರಾ ಕಡಿಮೆ, ಹಾಗಾಗಿ ಅದರ ಮೇಲಿನ ಭಾಗ ಉಬ್ಬುವುದಿಲ್ಲ. ಸ್ಟ್ರಿಕ್ಚರ್ ಎಲ್ಲಿ ಮುಗಿಯಿತು, ಒಳ್ಳೆಯ ದಾರಿ ಎಲ್ಲಿ ಶುರುವಾಯಿತು ಎಂದು ಹೇಳಲಾಗದು. ಎಂಸಿಯುನಲ್ಲಿ ಮೂತ್ರದ ಒತ್ತಡ ಮೇಲಿನಿಂದ ಬಂದು ಆ ಭಾಗವನ್ನು ಹಿಗ್ಗಿಸಿ ಮೇಲಿನ ತುದಿಯನ್ನು ತೋರಿಸುತ್ತದೆ. ಉದ್ದ ಎಂದರೆ ಈ ಎರಡು ತುದಿಗಳ ನಡುವಿನದು. ಬರೀ ಆರ್‌ಜಿಯು ನೋಡಿ ಸೆಂಟಿಮೀಟರ್ ಬರೆಯುವುದನ್ನು ನಿಲ್ಲಿಸಿದರೆ ಅರ್ಧ ದೂರು ಹೋಗುತ್ತದೆ.

ಎಂಸಿಯುಗೆ ಮೂತ್ರಕೋಶ ತುಂಬಲೇಬೇಕು. ಸಣ್ಣ ಫೀಡಿಂಗ್ ಟ್ಯೂಬ್ ಅಡ್ಡಿಯಿಲ್ಲದೆ ದಾಟಿದರೆ ಅದರಿಂದ, ಎಸ್‌ಪಿಸಿ ಇದ್ದರೆ ಅದರಿಂದಲೇ, ತೆಳು ಡೈಯನ್ನು ಡ್ರಿಪ್ ಸ್ಟ್ಯಾಂಡ್‌ನಿಂದ ಇಳಿಬಿಡಿ, ಕೈಯಿಂದ ಒತ್ತಬೇಡಿ. 200ರಿಂದ 400 ಮಿ.ಲೀ. ನಡುವೆ ರೋಗಿಗೆ ತಡೆಯಲಾಗದಷ್ಟು ಒತ್ತಡ ಬರುತ್ತದೆ. ಓರೆಯಾಗಿ ನಿಲ್ಲಿಸಿ ಬಾಟಲಿ ಕೊಡಿ. ನಾಲ್ಕು ಜನರ ಎದುರು ಯಾರಿಗೂ ಮೂತ್ರ ಬರುವುದಿಲ್ಲ. ಬೇಡದವರನ್ನು ಆಚೆ ಕಳಿಸಿ, ನಲ್ಲಿ ಸಣ್ಣಗೆ ಬಿಡಿ, ಕಾಯಿರಿ. ಧಾರೆ ಸರಿಯಾಗಿ ಹತ್ತಿದ ಮೇಲೆ ಫಿಲ್ಮ್.

ಸಹಜವಾದುದನ್ನು ರೋಗ ಎನ್ನುವ ತಪ್ಪುಗಳೂ ಇವೆ. ಪ್ರಾಸ್ಟೇಟ್ ಭಾಗದಲ್ಲಿ ಅಂಡಾಕಾರದ ಸಣ್ಣ ಖಾಲಿ ಜಾಗ ಕಂಡರೆ ಅದು ವೆರುಮೊಂಟಾನಮ್ ಎಂಬ ಸಹಜ ಉಬ್ಬು, ಗಡ್ಡೆಯಲ್ಲ. ಬಲ್ಬಾರ್ ಭಾಗದ ಮೇಲ್ತುದಿಯಲ್ಲಿ ಮುಂದಿನಿಂದ ನುಣುಪಾದ ಒಂದು ಒತ್ತು ಬೀಳುವುದುಂಟು. ಸ್ನಾಯುವಿನದು, ಡೈ ಬಿಡುತ್ತಿದ್ದರೆ ಬದಲಾಗುತ್ತದೆ. ಸ್ಟ್ರಿಕ್ಚರ್ ಎಷ್ಟು ತಳ್ಳಿದರೂ ಬದಲಾಗದು. ದಾರಿಯ ಪಕ್ಕದಲ್ಲಿ ಸಾಸಿವೆಯಷ್ಟು ಚುಕ್ಕೆಗಳು ಸಾಲಾಗಿ ತುಂಬಿಕೊಂಡರೆ ಅವು ಲಿಟ್ರೆ ಗ್ರಂಥಿಗಳು. ಹಳೆಯ ಉರಿಯೂತದ ಗುರುತು, ರಿಪೋರ್ಟ್‌ನಲ್ಲಿ ಬರೆಯಿರಿ.

ಉತ್ತರ 3: ಯುರಾಲಜಿಸ್ಟ್

1.5 ಮತ್ತು 3ರ ವ್ಯತ್ಯಾಸ ಅಂಕಿಯ ವಿಷಯ ಮಾತ್ರವಲ್ಲ, ಆಪರೇಷನ್ನೇ ಬದಲಾಗುತ್ತದೆ. ಬಲ್ಬಾರ್ ಭಾಗದಲ್ಲಿ 2 ಸೆಂ.ಮೀ. ಒಳಗಿನ, ಮೊದಲ ಸಲದ ಸ್ಟ್ರಿಕ್ಚರ್‌ಗೆ ದುರ್ಬೀನಿನಿಂದ ಸೀಳುವುದನ್ನು ಯೋಚಿಸಬಹುದು, ಅಥವಾ ಆ ತುಂಡು ತೆಗೆದು ಜೋಡಿಸಬಹುದು. ಅದಕ್ಕಿಂತ ಉದ್ದವಿದ್ದರೆ ಸಾಮಾನ್ಯವಾಗಿ ಕೆನ್ನೆಯ ಒಳಪದರ ತೆಗೆದು ಗ್ರಾಫ್ಟ್ ಹಾಕಬೇಕು. ತಪ್ಪು ಅಳತೆ ನಂಬಿ ಸೀಳಿದರೆ ಕೆಲವೇ ತಿಂಗಳಲ್ಲಿ ಮತ್ತೆ ಮುಚ್ಚುತ್ತದೆ, ಗಾಯದ ಗಂಟು ಇನ್ನಷ್ಟು ಉದ್ದವಾಗುತ್ತದೆ.

ಉದ್ದ ಏಕೆ ಕುಗ್ಗಿ ಕಾಣುತ್ತದೆ? ಬಲ್ಬಾರ್ ದಾರಿ ಹಿಂದಿನಿಂದ ಮುಂದಕ್ಕೆ ಬಾಗಿ ಬರುತ್ತದೆ. ಪೆನ್ಸಿಲನ್ನು ಕಣ್ಣಿಗೆ ನೇರವಾಗಿ ಹಿಡಿದರೆ ತುದಿ ಮಾತ್ರ ಕಾಣುವುದಲ್ಲವೇ, ಅಂಗಾತ ಮಲಗಿಸಿ ತೆಗೆದ ಫಿಲ್ಮ್‌ನಲ್ಲಿ ಆಗುವುದು ಅದೇ. ನೇರ ಹಿಂದೆ-ಮುಂದೆ ಹೋಗುವ 3 ಸೆಂ.ಮೀ. ತುಂಡು 30 ಡಿಗ್ರಿ ಓರೆಯಲ್ಲಿ 1.5 ಸೆಂ.ಮೀ. ಆಗಿ ಬೀಳುತ್ತದೆ, 45ರಲ್ಲಿ ಸುಮಾರು 2.1. ಇದು ಬರೀ ಜ್ಯಾಮಿತಿ. ನಿಮ್ಮ ಸರ್ಜನ್ ಹೇಳಿದ 1.5 ಮತ್ತು 3 ನೋಡಿದರೆ ಓರೆ ಕಡಿಮೆಯಾಗಿದೆ ಎಂದೇ ಅನಿಸುತ್ತದೆ. ಇದಕ್ಕೆ ವಿರುದ್ಧ ದಿಕ್ಕಿನ ತಪ್ಪು ಹಿಗ್ಗುವಿಕೆ: ಟ್ಯೂಬ್ ದೂರ 100 ಸೆಂ.ಮೀ. ಇದ್ದು ದಾರಿ ಪ್ಲೇಟ್‌ನಿಂದ 15 ಸೆಂ.ಮೀ. ಮೇಲಿದ್ದರೆ ಎಲ್ಲವೂ ಸುಮಾರು ಶೇ. 18ರಷ್ಟು ದೊಡ್ಡದಾಗಿ ಕಾಣುತ್ತದೆ. ದಾರಿಯಿರುವ ಎತ್ತರಕ್ಕೇ, ತೊಡೆಯ ಪಕ್ಕ, ಸೀಸದ ಗುರುತಿನ ಅಳತೆಪಟ್ಟಿ ಇಟ್ಟರೆ ಈ ಎರಡನೆಯದನ್ನು ತಿದ್ದಿಕೊಳ್ಳಬಹುದು. ಮೊದಲನೆಯದಕ್ಕೆ ಸರಿಯಾಗಿ ಮಲಗಿಸುವುದೊಂದೇ ಮದ್ದು.

ಇನ್ನೊಂದು ಕಾರಣ ನಮ್ಮ ಕಡೆಯದು. ಹಿಂದಿನ ವಾರ ಡೈಲೇಟ್ ಮಾಡಿಸಿಕೊಂಡವರನ್ನು (ಸಲಾಕೆ ಹಾಕಿ ದಾರಿ ಹಿಗ್ಗಿಸಿಕೊಂಡವರನ್ನು), ಕ್ಯಾಥೆಟರ್ ತೆಗೆದ ಮರುದಿನವೇ ಬಂದವರನ್ನು ಫಿಲ್ಮ್‌ಗೆ ಕಳಿಸುತ್ತೇವೆ. ಆಗ ದಾರಿ ಹಿಗ್ಗಿಕೊಂಡಿರುತ್ತದೆ, ಸ್ಟ್ರಿಕ್ಚರ್ ಗಿಡ್ಡವಾಗಿ, ಹಗುರಾಗಿ ಕಾಣುತ್ತದೆ. ಕನಿಷ್ಠ 4ರಿಂದ 6 ವಾರ ಒಳಗೆ ಏನೂ ಹಾಕದೆ ಬಿಡಬೇಕು. ಮೂತ್ರ ನಿಲ್ಲುವ ಭಯವಿದ್ದರೆ ಎಸ್‌ಪಿಸಿ ಹಾಕಿ ಬಿಡಬೇಕು. ಕೊನೆಯ ಸಲ ಯಾವಾಗ ಡೈಲೇಟ್ ಮಾಡಿಸಿದಿರಿ ಎಂದು ಕೇಳಿ ಫಾರ್ಮ್ ಮೇಲೆ ಬರೆಯಿರಿ. ಈ ಒಂದು ಸಾಲಿನಿಂದ ನಮಗೆ ತುಂಬಾ ಉಪಕಾರ.

ಪೆಲ್ವಿಸ್ ಮುರಿದವರ ಗ್ಯಾಪ್: ಅಪಘಾತವಾಗಿ ಸುಮಾರು 3 ತಿಂಗಳಾದ ಮೇಲೆ. ಅಷ್ಟರಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿ ಎರಡು ತುದಿಗಳೂ ಒಂದು ಸ್ಥಿತಿಗೆ ಬಂದಿರುತ್ತವೆ. ಎಸ್‌ಪಿಸಿಯಿಂದ ಮೂತ್ರಕೋಶ ತುಂಬಿಸಿ, ಟ್ಯೂಬ್ ಕ್ಲ್ಯಾಂಪ್ ಮಾಡಿ, ರೋಗಿ ಮೂತ್ರಕ್ಕೆ ತಿಣುಕುತ್ತಿರುವಾಗಲೇ ಕೆಳಗಿನಿಂದ ಆರ್‌ಜಿಯು ಡೈ ಬಿಟ್ಟು ಒಂದೇ ಫಿಲ್ಮ್‌ನಲ್ಲಿ ಎರಡನ್ನೂ ಹಿಡಿಯಬೇಕು. ಕೆಳಗಿನ ಡೈನ ತುದಿಗೂ ಮೇಲಿನ ಪ್ರಾಸ್ಟೇಟ್ ದಾರಿಯ ತುದಿಗೂ ನಡುವಿನದು ಗ್ಯಾಪ್.

ಇಲ್ಲೊಂದು ದೊಡ್ಡ ಬಲೆಯಿದೆ. ಮೂತ್ರಕೋಶದ ಕುತ್ತಿಗೆ ತೆರೆಯದಿದ್ದರೆ ಪ್ರಾಸ್ಟೇಟ್ ದಾರಿಗೆ ಡೈ ಇಳಿಯುವುದೇ ಇಲ್ಲ. ಆಗ ಮೂತ್ರಕೋಶದ ತಳದಿಂದ ಅಳೆದು ‘5 ಸೆಂ.ಮೀ. ಗ್ಯಾಪ್’ ಎಂದು ಬರೆದರೆ, ನಿಜವಾದ 1.5 ಸೆಂ.ಮೀ. ಗ್ಯಾಪ್‌ಗೆ ದೊಡ್ಡ ಆಪರೇಷನ್ ಯೋಜನೆಯಾಗುತ್ತದೆ, ರೋಗಿಯ ಮನೆಯವರು ಹೆದರಿ ಕೂರುತ್ತಾರೆ. ಅಂಥಲ್ಲಿ ‘ಪ್ರಾಸ್ಟೇಟ್ ಭಾಗ ತುಂಬಿಲ್ಲ, ಗ್ಯಾಪ್ ಅಳೆಯಲಾಗದು’ ಎಂದಷ್ಟೇ ಬರೆಯಿರಿ. ಎಸ್‌ಪಿಸಿ ದಾರಿಯಿಂದ ಫ್ಲೆಕ್ಸಿಬಲ್ ಸ್ಕೋಪ್ ಹಾಕಿಯೋ ಎಂಆರ್‌ಐ ಮಾಡಿಸಿಯೋ ನಾವು ನೋಡಿಕೊಳ್ಳುತ್ತೇವೆ.

ಪ್ರಶ್ನೆ ಕೇಳಿದವರು

ಸರ್, ಮೇಡಂ, ಇಷ್ಟು ಬಿಡಿಸಿ ಬರೆದದ್ದಕ್ಕೆ ತುಂಬಾ ಧನ್ಯವಾದ. ಇನ್ನು ಮೂರು ಸಂದೇಹ. ತುದಿಯ ರಂಧ್ರವೇ ಸೂಜಿಮೊನೆಯಷ್ಟಾಗಿ ಫೋಲಿ ಹೋಗದಿದ್ದರೆ? ಡೈ ದಾರಿ ಬಿಟ್ಟು ಪಕ್ಕಕ್ಕೆ ಬಳ್ಳಿಬಳ್ಳಿಯಾಗಿ ಹರಡಿದರೆ? ಅಪಘಾತವಾದ ದಿನವೇ ಕ್ಯಾಶುವಾಲ್ಟಿಯಿಂದ ಆರ್‌ಜಿಯು ಬೇಕೆಂದರೆ ಏನು ಬದಲಾಗುತ್ತದೆ?

ಉತ್ತರ 4: ರೇಡಿಯಾಲಜಿಸ್ಟ್ (ಮೇಲಿನವರೇ)

ರಂಧ್ರ ಸಣ್ಣದಿದ್ದರೆ ಒತ್ತಾಯ ಬೇಡ. 5 ಅಥವಾ 6 ಫ್ರೆಂಚ್ ಮಕ್ಕಳ ಫೀಡಿಂಗ್ ಟ್ಯೂಬ್ 1–2 ಸೆಂ.ಮೀ. ಒಳಗಿಟ್ಟು, ಗಾಜ್ ಸುತ್ತಿ ಬೆರಳಿನಿಂದ ಹದವಾಗಿ ಒತ್ತಿ ಹಿಡಿಯಿರಿ. ಅದೂ ಹೋಗದಿದ್ದರೆ ಸೂಜಿ ತೆಗೆದ ಐವಿ ಕ್ಯಾನುಲಾದ ಮೆದು ಪ್ಲಾಸ್ಟಿಕ್ ತೋಳು ಸಾಕು. ಇಂಥವರಲ್ಲಿ ಚರ್ಮ ಬೆಳ್ಳಗೆ ಬಿಗಿದಿದೆಯೇ ನೋಡಿ. ಲೈಕೆನ್ ಸ್ಕ್ಲೆರೋಸಸ್ ಎಂಬ ಚರ್ಮರೋಗ ಇದ್ದರೆ ತುದಿಯಿಂದ ಬಲ್ಬ್‌ವರೆಗೂ ದಾರಿ ಗರಗಸದ ಹಲ್ಲಿನಂತೆ ಕೆಟ್ಟಿರಬಹುದು. ಹಾಗಾಗಿ ಫಿಲ್ಮ್‌ನಲ್ಲಿ ತುದಿಯೂ ಬರಲೇಬೇಕು. ನೆನಪಿಡಿ, ಬಲೂನ್ ಕೂತ ಜಾಗದ ರೋಗವನ್ನು ಬಲೂನೇ ಮುಚ್ಚಿಬಿಡುತ್ತದೆ.

ಬಳ್ಳಿಯಂತೆ ಹರಡುವುದು ಇಂಟ್ರಾವೇಸೇಷನ್. ಒತ್ತಡ ಹೆಚ್ಚಾಗಿ ಡೈ ದಾರಿಯ ಸುತ್ತಲಿನ ಸ್ಪಾಂಜಿನಂಥ ಭಾಗಕ್ಕೆ (ಸ್ಪಾಂಜಿಯೋಸಮ್), ಅಲ್ಲಿಂದ ರಕ್ತನಾಳಗಳಿಗೆ ನುಗ್ಗಿದೆ. ಮೊದಲು ದಾರಿಯ ಅಂಚು ಮಂಜಾಗುತ್ತದೆ, ಆಮೇಲೆ ಕವಲೊಡೆದ ನಾಳಗಳು ಪೆಲ್ವಿಸ್ ಕಡೆ ಏರುತ್ತವೆ. ಆ ಕ್ಷಣವೇ ಕೈ ನಿಲ್ಲಿಸಿ. ಕೆಲವು ನಿಮಿಷ ಬಿಟ್ಟು ತೆಗೆದ ಫಿಲ್ಮ್‌ನಲ್ಲಿ ರಕ್ತನಾಳದ ಡೈ ತೊಳೆದುಹೋಗಿರುತ್ತದೆ. ಹರಿದ ಜಾಗದಿಂದ ಆಚೆ ಸೋರಿದ ಡೈ ಮಡುಗಟ್ಟಿ ಅಲ್ಲೇ ಕೂತಿರುತ್ತದೆ. ಮೂತ್ರದಲ್ಲಿ ಸೋಂಕಿದ್ದರೆ ಇದೇ ದಾರಿಯಲ್ಲಿ ರಕ್ತಕ್ಕೆ ಸೇರುತ್ತದೆ. ಅದಕ್ಕೇ ಮೂತ್ರದ ಕಲ್ಚರ್ ನೋಡದೆ, ಸೋಂಕು ಇಳಿಯದೆ ಆರ್‌ಜಿಯು ಬೇಡ. ಡೈ ಐವಿ ಕೊಟ್ಟಷ್ಟೇ ಅಲರ್ಜಿ ಎಚ್ಚರವೂ ಇರಲಿ, ಟ್ರೇನಲ್ಲಿ ಅಡ್ರಿನಲಿನ್ ಸಿದ್ಧವಿರಲಿ. ಮನೆಗೆ ಕಳಿಸುವಾಗ ಹೀಗೆ ಹೇಳಿ: ಒಂದೆರಡು ದಿನ ಉರಿ, ಒಂದೆರಡು ಹನಿ ರಕ್ತ ಸಾಮಾನ್ಯ, ನೀರು ಚೆನ್ನಾಗಿ ಕುಡಿಯಿರಿ, ಚಳಿ ಜ್ವರ ಬಂದರೆ, ಮೂತ್ರ ನಿಂತರೆ ಅದೇ ದಿನ ಬನ್ನಿ.

ಉತ್ತರ 5: ಯುರಾಲಜಿಸ್ಟ್

ಅಪಘಾತದ ದಿನದ ಆರ್‌ಜಿಯುಗೆ ಬೇರೆಯೇ ಕ್ರಮ.

ಪೆಲ್ವಿಸ್ ಮುರಿದು ಮೂತ್ರದ್ವಾರದಲ್ಲಿ ರಕ್ತ ಕಂಡರೆ ಕುರುಡಾಗಿ ಫೋಲಿ ತಳ್ಳುವಂತಿಲ್ಲ. ಅರ್ಧ ಹರಿದದ್ದು ಪೂರ್ತಿ ಹರಿಯಬಹುದು. ಮೊದಲು ಆರ್‌ಜಿಯು. ಆದರೆ ಬಿಪಿ ಕುಸಿಯುತ್ತಿದ್ದರೆ, ಪೆಲ್ವಿಸ್ ಒಳಗೆ ರಕ್ತ ಸೋರುತ್ತಿರುವ ಶಂಕೆಯಿದ್ದರೆ, ಕಾಂಟ್ರಾಸ್ಟ್ ಸಿಟಿಯೇ ಮೊದಲು. ಆರ್‌ಜಿಯು ಡೈ ಆಚೆ ಚೆಲ್ಲಿಕೊಂಡರೆ ಸಿಟಿಯಲ್ಲಿ ರಕ್ತನಾಳದ ಸೋರಿಕೆ ಯಾವುದು, ಚೆಲ್ಲಿದ ಆರ್‌ಜಿಯು ಡೈ ಯಾವುದು ಎಂದು ಗೊತ್ತಾಗದೆ ಜೀವಕ್ಕೇ ಕುತ್ತಾಗುತ್ತದೆ.

ಇವರನ್ನು ಓರೆ ತಿರುಗಿಸಬೇಡಿ, ಮುರಿದ ಮೂಳೆ ಕದಲುತ್ತದೆ. ಅಂಗಾತವೇ ಇರಲಿ, ಶಿಶ್ನವನ್ನು ಒಂದು ಬದಿಗೆ ಎಳೆದು ಎಕ್ಸ್‌ರೇ ಟ್ಯೂಬನ್ನೇ ಅಡ್ಡಕ್ಕೆ 30 ಡಿಗ್ರಿ ವಾಲಿಸಿ. ಟೇಬಲ್ ಬಕ್ಕಿಯಲ್ಲಿ (ಪ್ಲೇಟ್ ಇಡುವ ತಟ್ಟೆ) ಗ್ರಿಡ್‌ನ ಸೀಸದ ಪಟ್ಟಿಗಳು ವಾಲಿದ ಕಿರಣವನ್ನು ತಡೆದು ಫಿಲ್ಮ್ ಮಂಕಾಗುತ್ತದೆ, ಆದ್ದರಿಂದ ಗ್ರಿಡ್ ಇಲ್ಲದೆ ಪ್ಲೇಟನ್ನು ನೇರ ಅಡಿಗಿಡಿ. ಡೈ 20–25 ಮಿ.ಲೀ., ಅದೂ ಮೆಲ್ಲಗೆ.

ರಿಪೋರ್ಟ್‌ನಲ್ಲಿ ನಮಗೆ ಬೇಕಾದದ್ದು ಎರಡು. ಸೋರಿದ ಡೈ ಪೆಲ್ವಿಸ್ ಒಳಗೆ ಮಾತ್ರ ಇದೆಯೇ, ಕೆಳಗೆ ಪೆರಿನಿಯಮ್‌ಗೂ (ವೃಷಣ ಚೀಲಕ್ಕೂ ಗುದಕ್ಕೂ ನಡುವಿನ ಜಾಗ) ಇಳಿದಿದೆಯೇ? ಮೂತ್ರಕೋಶಕ್ಕೆ ಸ್ವಲ್ಪವಾದರೂ ಡೈ ಹೋಯಿತೇ? ಹೋಗಿದ್ದರೆ ಅರ್ಧ ಹರಿದದ್ದು. ಹನಿಯೂ ಹೋಗದಿದ್ದರೆ ಪೂರ್ತಿ ಇರಬಹುದು, ಸೆಳೆತವೂ ಇರಬಹುದು. ‘ಪೂರ್ತಿ ತುಂಡಾಗಿದೆ’ ಎಂದು ಬರೆಯುವ ಬದಲು ಕಂಡದ್ದನ್ನಷ್ಟೇ ಬರೆಯಿರಿ.

ಯಾರೋ ಆಗಲೇ ಫೋಲಿ ಹಾಕಿ ಅದು ಮೂತ್ರಕೋಶದಲ್ಲಿ ಕೂತು ಮೂತ್ರ ಬರುತ್ತಿದ್ದರೆ, ಆರ್‌ಜಿಯುಗಾಗಿ ಅದನ್ನು ತೆಗೆಯಬೇಡಿ. ಪಕ್ಕದಲ್ಲೇ 6 ಫ್ರೆಂಚ್ ಫೀಡಿಂಗ್ ಟ್ಯೂಬ್ ಸ್ವಲ್ಪ ತೂರಿಸಿ, ಶಿಶ್ನದ ತುದಿಯನ್ನು ಬೆರಳಿನಿಂದ ಒತ್ತಿ ಹಿಡಿದು ಡೈ ಬಿಟ್ಟರೆ ಕ್ಯಾಥೆಟರ್ ಸುತ್ತ ಹರಿದು ಗಾಯ ತೋರಿಸುತ್ತದೆ. ಆಪರೇಷನ್ ಆದ ಮೂರನೇ ವಾರ ಹೊಲಿಗೆ ಕೂಡಿದೆಯೇ ನೋಡಲೂ ಇದೇ ವಿಧಾನ.

ಮೂತ್ರ ಕೆಂಪಗಿದ್ದರೆ ಮೂತ್ರಕೋಶದ ಗಾಯವನ್ನೂ ನೋಡಬೇಕು: ತೆಳು ಡೈ ಕನಿಷ್ಠ 300 ಮಿ.ಲೀ. ಡ್ರಿಪ್‌ನಿಂದ ಇಳಿಬಿಟ್ಟು ಒಂದು ಫಿಲ್ಮ್, ಪೂರ್ತಿ ಖಾಲಿ ಮಾಡಿಸಿ ಇನ್ನೊಂದು. ಹಿಂಭಾಗದ ಸಣ್ಣ ಸೋರಿಕೆಯನ್ನು ತುಂಬಿದ ಮೂತ್ರಕೋಶ ಮರೆಮಾಡಿರುತ್ತದೆ. ಖಾಲಿಯಾದ ಮೇಲಿನ ಫಿಲ್ಮ್‌ನಲ್ಲೇ ಅದು ಹೊರಬೀಳುವುದು. ಡೈ ಬೆಂಕಿಯ ಜ್ವಾಲೆಯಂತೆ ಪೆಲ್ವಿಸ್‌ನಲ್ಲಿ ಹರಡಿದ್ದರೆ ಪೆರಿಟೋನಿಯಮ್ (ಹೊಟ್ಟೆಯ ಒಳಪೊರೆ) ಹೊರಗಿನ ಗಾಯ, ಹೆಚ್ಚಾಗಿ ಕ್ಯಾಥೆಟರ್‌ನಲ್ಲೇ ಕೂಡಿಕೊಳ್ಳುತ್ತದೆ. ಕರುಳಿನ ಸುರುಳಿಗಳ ನಡುವೆ ಹರಡಿದ್ದರೆ ಒಳಗಿನದು, ಹೊಟ್ಟೆ ತೆರೆದು ಹೊಲಿಯಬೇಕು. ರಿಪೋರ್ಟ್ ಬರೆಯುವವರೆಗೂ ಕಾಯದೆ ಫೋನ್ ಮಾಡಿ.